ಸಸಿಮಡಿಗೆ ಬಣ್ಣದ ದೀಪ ಬೇಕೆ?

ಗೊಬ್ಬರಕ್ಕೋ ಸುಣ್ಣಕ್ಕೋ ಮೈಲುತುತ್ತಕ್ಕೋ ಎಂದು ಸಂಘದ ಕಛೇರಿಗೆ ಬರುವ ಸದಸ್ಯರಲ್ಲಿ ಕೆಲವರು ಇತ್ತೀಚೆಗೆ ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದಾರೆ. ನರ್ಸರಿಗೆ ಕೆಂಪು, ನೀಲಿ ಬಣ್ಣದ ಎಲ್.ಇ.ಡಿ. ದೀಪ ಹಾಕಿದರೆ ಕಾಫಿ ಬೀಜ ಬೇಗ ಮೊಳೆಯುತ್ತದಂತೆ, ಅಡಿಕೆ ಸಸಿ ಒಂದೇ ವರ್ಷದಲ್ಲಿ ಆಳೆತ್ತರ ಬರುತ್ತದಂತೆ, ನಿಜವೆ? ಮಾರಾಟಗಾರರ ಕರಪತ್ರವನ್ನು ಒಬ್ಬರು ತಂದು ತೋರಿಸಿದರು. ಇನ್ನೊಬ್ಬರು ಮೊಬೈಲಿನಲ್ಲಿ ಚಿತ್ರವನ್ನೇ ತೋರಿಸಿದರು. ನೇರಳೆ ಬೆಳಕಿನಲ್ಲಿ ಮುಳುಗಿದ ಕೋಣೆ, ಸಾಲುಸಾಲು ಹಸಿರು ಸೊಪ್ಪು. ನೋಡಲು ಹಬ್ಬದ ಮನೆಯಂತಿತ್ತು.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಕಿನ ಬಣ್ಣಕ್ಕೂ ಗಿಡದ ಬೆಳವಣಿಗೆಗೂ ಇರುವ ಸಂಬಂಧ ಸುಳ್ಳಲ್ಲ. ವಿಜ್ಞಾನಿಗಳು ಬಹು ಹಿಂದೆಯೇ ಸಿದ್ಧಪಡಿಸಿದ ಸಂಗತಿ ಅದು. ಆದರೆ ಕಾಫಿ ಮತ್ತು ಅಡಿಕೆಯ ಸಸಿಮಡಿಯಲ್ಲಿ ಆ ಬಣ್ಣವನ್ನು ನಿರ್ಧರಿಸುವುದು ದೀಪವಲ್ಲ, ನಾವು ಹಾಕುವ ಚಪ್ಪರ ಮತ್ತು ಚೀಲಗಳ ನಡುವೆ ನಾವು ಬಿಡುವ ಜಾಗ. ಇದನ್ನು ತಿಳಿಯದೆ ದೀಪಕ್ಕೆ ಹಣ ಹಾಕಿದರೆ ಹಣವೂ ಹೋದೀತು, ಸಸಿಯೂ ಕೆಟ್ಟೀತು. ಎರಡು ಮೂರು ಎಕರೆಯ ಹಿಡುವಳಿದಾರನಿಗೆ ಸಸಿ ಕೆಡುವುದು ಸಣ್ಣ ನಷ್ಟವಲ್ಲ. ಕಾಂಡಕೊರಕ ಬಿದ್ದು ಕಿತ್ತುಹಾಕಿದ ಅರೇಬಿಕಾ ಗಿಡದ ಜಾಗಕ್ಕೆ ಬಡಕಲು ಸಸಿಯನ್ನು ನೆಟ್ಟರೆ, ಅದು ಬಡಕಲೆಂದು ಖಚಿತವಾಗುವಷ್ಟರಲ್ಲಿ ಮೂರು ನಾಲ್ಕು ವರ್ಷ ಕಳೆದಿರುತ್ತದೆ.

ಬೀಜಕ್ಕೆ ಬೆಳಕು ಏಕೆ?

ಎಲ್ಲ ಬೀಜವೂ ಬೆಳಕನ್ನು ಕೇಳುವುದಿಲ್ಲ. ಕೇಳುವ ಬೀಜಗಳು ಹೆಚ್ಚಾಗಿ ಬಹಳ ಸಣ್ಣವು. ನಮ್ಮ ಗಡಿಯಾಚೆ ಪಿರಿಯಾಪಟ್ಟಣ, ಹುಣಸೂರು ಕಡೆಯ ಹೊಗೆಸೊಪ್ಪಿನ ಬೆಳೆಗಾರರನ್ನು ಕೇಳಿ ನೋಡಿ. ಅವರು ಬೀಜವನ್ನು ಮಣ್ಣಿನಲ್ಲಿ ಹೂಳುವುದಿಲ್ಲ, ಮಡಿಯ ಮೇಲ್ಮೈಗೇ ಬಿತ್ತುತ್ತಾರೆ. ಒಂದು ಗ್ರಾಮಿಗೆ 10,000ಕ್ಕೂ ಹೆಚ್ಚು ತೂಗುವ ಆ ಬೀಜದಲ್ಲಿ ಬುತ್ತಿ ಎಂಬುದು ಇಲ್ಲವೇ ಇಲ್ಲ ಎನ್ನಬಹುದು. ಆಳದಲ್ಲಿ ಮೊಳೆತರೆ ಮೇಲೆ ಬರುವ ಮೊದಲೇ ಸತ್ತುಹೋಗುತ್ತದೆ. ಆದ್ದರಿಂದ ‘ನಾನು ಮಣ್ಣಿನ ಮೇಲಿದ್ದೇನೆ’ ಎಂಬುದಕ್ಕೆ ಬೆಳಕಿನ ಗುರುತು ಸಿಗುವವರೆಗೆ ಅದು ಕಾಯುತ್ತದೆ. ನಮ್ಮ ತೋಟದಲ್ಲೇ ಇದಕ್ಕೆ ಇನ್ನೊಂದು ಸಾಕ್ಷಿ ಇದೆ. ಅಗೆತ ಮಾಡಿದ ಎರಡೇ ವಾರದಲ್ಲಿ, ಮೊದಲು ಕಾಣದಿದ್ದ ಕಳೆ ಹಾಸಿದಂತೆ ಏಳುವುದನ್ನು ನಾವೆಲ್ಲ ನೋಡಿದ್ದೇವೆ. ಮಣ್ಣಿನಡಿ ಕತ್ತಲಲ್ಲಿ ಮಲಗಿದ್ದ ಸಣ್ಣ ಬೀಜ ಗುದ್ದಲಿಯ ದೆಸೆಯಿಂದ ಬೆಳಕಿಗೆ ಬಂದದ್ದೇ ಅದಕ್ಕೆ ಒಂದು ಮುಖ್ಯ ಕಾರಣ.

ಯಾವ ಬಣ್ಣದ ಬೆಳಕು ಈ ಕೆಲಸ ಮಾಡುತ್ತದೆ ಎಂಬುದು ಅಮೆರಿಕದಲ್ಲಿ ಲೆಟ್ಯೂಸ್ ಎಂಬ ಸೊಪ್ಪಿನ ಬೀಜದ ಮೇಲೆ ನಡೆದ ಪ್ರಯೋಗಗಳಿಂದ ತಿಳಿಯಿತು. 1930ರ ದಶಕದಲ್ಲಿ ಫ್ಲಿಂಟ್ ಮತ್ತು ಮ್ಯಾಕ್‌ಅಲಿಸ್ಟರ್ ಎಂಬಿಬ್ಬರು ಕೆಂಪು ಬೆಳಕು ಬೀಜವನ್ನು ಮೊಳೆಯಿಸುತ್ತದೆ, ಕೆಂಪಿನ ಅಂಚಿನಾಚೆಯ, ಕಣ್ಣಿಗೆ ಕಂಡೂ ಕಾಣದ ಬೆಳಕು ಮೊಳಕೆಯನ್ನು ತಡೆಯುತ್ತದೆ ಎಂದು ಕಂಡರು. ಈ ಎರಡನೆಯದನ್ನು ‘ಅಂಚುಗೆಂಪು’ ಎಂದು ಕರೆಯೋಣ. 1952ರಲ್ಲಿ ಬೆಲ್ಟ್ಸ್‌ವಿಲ್ ಸಂಶೋಧನಾ ಕೇಂದ್ರದ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು. ನೆನೆಸಿದ ಬೀಜಕ್ಕೆ ಒಮ್ಮೆ ಕೆಂಪು, ಒಮ್ಮೆ ಅಂಚುಗೆಂಪು, ಮತ್ತೆ ಕೆಂಪು ಎಂದು ಬದಲಿಸುತ್ತಾ ಹೋದಾಗ, ಕೊನೆಯಲ್ಲಿ ಯಾವುದು ಬಿತ್ತೋ ಅದರ ಮಾತೇ ನಡೆಯಿತು. ಕೊನೆಯದು ಕೆಂಪಾದರೆ ಬೀಜ ಮೊಳೆಯಿತು, ಅಂಚುಗೆಂಪಾದರೆ ಮಲಗಿತು. ನಮ್ಮ ಮನೆಯ ದೀಪದ ಗುಂಡಿಯನ್ನು ಮೇಲೆ ಕೆಳಗೆ ಮಾಡಿದ ಹಾಗೆ! ಗಿಡದೊಳಗಿನ ಈ ಗುಂಡಿಗೆ ಫೈಟೋಕ್ರೋಮ್ ಎಂದು ಹೆಸರು. ಅದು ಬೀಜದಲ್ಲಿ ಮಾತ್ರವಲ್ಲ, ಎಲೆಯಲ್ಲೂ ಕಾಂಡದಲ್ಲೂ ಇದೆ ಎಂಬುದನ್ನು ನೆನಪಿಡಬೇಕು. ಮುಂದೆ ಅದರಿಂದ ಕೆಲಸವಿದೆ.

ಇನ್ನು ಕಾಫಿ ಬೀಜದ ಮಾತು. ನಾವು ಹುರಿದು ಪುಡಿಮಾಡಿ ಕುಡಿಯುವ ಕಾಳೆಂದರೆ ಬಹುಮಟ್ಟಿಗೆ ಒಳಗಿರುವ ಮೂರು ನಾಲ್ಕು ಮಿಲಿಮೀಟರಿನ ಭ್ರೂಣಕ್ಕೆ ತಾಯಿ ಗಿಡ ಕಟ್ಟಿಕೊಟ್ಟ ಬುತ್ತಿಯೇ. ಅಡಿಕೆಯ ಗೋಟೂ ಹಾಗೆಯೇ. ಇಷ್ಟು ಬುತ್ತಿ ಇರುವ ಬೀಜ ಬೆಳಕಿಗಾಗಿ ಕಾಯಬೇಕಾಗಿಲ್ಲ. ಕಾಫಿ ಬೀಜ ಕತ್ತಲಲ್ಲೇ ಚೆನ್ನಾಗಿ ಮೊಳೆಯುತ್ತದೆ. ಪ್ರಯೋಗಾಲಯಗಳಲ್ಲಿ ಅದನ್ನು ಮೊಳೆಯಿಸುವುದೂ ಸಾಮಾನ್ಯವಾಗಿ 30 ಡಿಗ್ರಿ ಸೆಲ್ಸಿಯಸ್ ಬಿಸುಪಿನಲ್ಲಿ, ಕತ್ತಲಲ್ಲಿಯೇ. ನಮ್ಮ ಹಿರಿಯರು ಚಪ್ಪಟೆ ಮುಖ ಕೆಳಗೆ ಮಾಡಿ ಬಿತ್ತಿ, ತೆಳುವಾಗಿ ಮಣ್ಣು ಉದುರಿಸಿ, ಮೇಲೆ ಎರಡಂಗುಲ ಭತ್ತದ ಹುಲ್ಲು ಹೊದಿಸುತ್ತಿದ್ದರು. ಕಾಫಿ ಮಂಡಳಿ ಇಂದಿಗೂ ಹೇಳುವುದು ಇದನ್ನೇ. ಹುಲ್ಲಿನಡಿ ಮಲಗಿದ ಬೀಜಕ್ಕೆ ಮೇಲಿನಿಂದ ನೀವು ಯಾವ ಬಣ್ಣದ ದೀಪ ಹಿಡಿದರೂ ಒಂದೇ.

ಹಾಗಾದರೆ ದೀಪದ ಕೋಣೆಯಲ್ಲಿ ಬೀಜ ಬೇಗ ಮೊಳೆಯಿತು ಎನ್ನುವವರು ಸುಳ್ಳು ಹೇಳುತ್ತಾರೆಯೆ? ಇರಲಾರದು. ಹುತ್ತರಿ ಕಳೆದು ನಾವು ಬೀಜ ಹಾಕುವ ಡಿಸೆಂಬರ್, ಜನವರಿಯಲ್ಲಿ ಕೊಡಗಿನ ರಾತ್ರಿಗಳು ಚಳಿಯವು. ಚಳಿಯ ಮಣ್ಣಿನಲ್ಲಿ ಕಾಫಿ ಬೀಜ ಆರೇಳು ವಾರ ಎಳೆಯುತ್ತದೆ. ಮುಚ್ಚಿದ ಕೋಣೆಯೊಳಗೆ ಹತ್ತು ದೀಪ ಉರಿದರೆ ಒಳಗೆ ಬೆಚ್ಚಗಾಗುತ್ತದೆ, ಬೀಜ ಬೇಗ ಕಣ್ಣು ಬಿಡುತ್ತದೆ. ಆ ಪುಣ್ಯ ಬಿಸಿಯದು, ಬಣ್ಣದ್ದಲ್ಲ. ಬೆಚ್ಚಗಿಡಲು ದೀಪಕ್ಕಿಂತ ಅಗ್ಗದ ಉಪಾಯ ಹುಲ್ಲಿನ ಹೊದಿಕೆ. ಬೇಕಾದರೆ ಅದರ ಮೇಲೆ ರಾತ್ರಿ ಮಾತ್ರ ಒಂದು ಪಾಲಿಥೀನ್ ಹಾಳೆ.

ಬೀಜದ ವಿಷಯದಲ್ಲಿ ಇದಕ್ಕಿಂತ ದೊಡ್ಡ ಮಾತು ಬೇರೆ ಇದೆ. ಕಾಫಿ ಬೀಜ ರಾಗಿ, ಭತ್ತದ ಹಾಗೆ ಒಣಗಿಸಿ ವರ್ಷಗಟ್ಟಲೆ ಇಡುವಂಥದಲ್ಲ, ಹಲಸಿನ ಬೀಜದ ಹಾಗೆ ಒಣಗಿದೊಡನೆ ಸಾಯುವಂಥದೂ ಅಲ್ಲ. ಎಲಿಸ್, ಹಾಂಗ್ ಮತ್ತು ರಾಬರ್ಟ್ಸ್ ಎಂಬ ಬ್ರಿಟಿಷ್ ವಿಜ್ಞಾನಿಗಳು 1990ರಲ್ಲಿ ಈ ಎರಡರ ನಡುವಿನ ಮೂರನೆಯ ವರ್ಗವೊಂದನ್ನು ಹೇಳಿದಾಗ ಅವರಿಗೆ ಉದಾಹರಣೆಯಾಗಿ ಸಿಕ್ಕಿದ್ದೇ ಕಾಫಿ. ತಿಂಗಳುಗಳು ಕಳೆದಂತೆ ಅದರ ಮೊಳೆಯುವ ಶಕ್ತಿ ಇಳಿಯುತ್ತಲೇ ಹೋಗುತ್ತದೆ. ಏಪ್ರಿಲ್ ಮೇ ತನಕ ಅಟ್ಟದ ಮೇಲಿಟ್ಟ ಬೀಜವನ್ನು ಯಾವ ದೀಪವೂ ಎಬ್ಬಿಸಲಾರದು. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಿಂದಲೋ ನಮ್ಮ ಚೆಟ್ಟಳ್ಳಿಯ ಉಪಕೇಂದ್ರದಿಂದಲೋ ಬೀಜ ತರಿಸುವವರು ಮುಂಗಡವಾಗಿ ಹೇಳಿಟ್ಟು, ಬಂದ ಕೂಡಲೇ ಹರಡಿ, ತಡಮಾಡದೆ ಬಿತ್ತಬೇಕು.

ಸಸಿಗೆ ಬಣ್ಣ ಕಾಣುತ್ತದೆ

ಎಲೆ ಬಿಚ್ಚಿದ ಮೇಲೆ ಕಥೆ ಬೇರೆ. ಬುತ್ತಿ ಮುಗಿಯುತ್ತಾ ಬರುತ್ತದೆ, ಸಸಿ ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳಬೇಕು. ಈ ಅಡಿಗೆಗೆ ಎಲೆ ಹೆಚ್ಚಾಗಿ ಹಿಡಿದುಕೊಳ್ಳುವುದು ಕೆಂಪು ಮತ್ತು ನೀಲಿ ಬೆಳಕನ್ನು. ಹಸಿರಿನಲ್ಲಿ ಒಂದು ಪಾಲನ್ನು ಹಿಂದಕ್ಕೆ ಎರಚುವುದರಿಂದಲೇ ಎಲೆ ನಮಗೆ ಹಸಿರಾಗಿ ಕಾಣುತ್ತದೆ. ಬಣ್ಣಗಳು ಸಸಿಯ ಮೈಕಟ್ಟನ್ನೂ ತಿದ್ದುತ್ತವೆ. ನೀಲಿ ಬೆಳಕು ಸಾಕಷ್ಟಿದ್ದರೆ ಗೆಣ್ಣು ಗಿಡ್ಡವಾಗಿ, ಎಲೆ ದಪ್ಪವಾಗಿ ಸಸಿ ಕುಳ್ಳಗೆ ಗಟ್ಟಿಯಾಗುತ್ತದೆ. ನೀಲಿಯ ಲವಲೇಶವೂ ಇಲ್ಲದ ಬರೀ ಕೆಂಪಿನಲ್ಲಿ ಬೆಳೆಸಿದರೆ ಎಷ್ಟೋ ಗಿಡಗಳು ನೀಳವಾಗಿ ಸೋಲುತ್ತವೆ. ಅಂಚುಗೆಂಪು ಹೆಚ್ಚಾದರಂತೂ ಸಸಿ ಗಾಬರಿಗೊಂಡಂತೆ ಮೇಲಕ್ಕೆ ಓಡುತ್ತದೆ.

ಈ ಗಾಬರಿಗೆ ಅರ್ಥವಿದೆ. ಹಸಿ ಎಲೆಯ ಮೂಲಕ ಸೋಸಿ ಬರುವ ಬೆಳಕಿನಲ್ಲಿ ಕೆಂಪನ್ನು ಎಲೆ ಕುಡಿದುಬಿಟ್ಟಿರುತ್ತದೆ, ಅಂಚುಗೆಂಪನ್ನು ಮುಟ್ಟದೆ ಕೆಳಕ್ಕೆ ಬಿಟ್ಟಿರುತ್ತದೆ. ಕೆಳಗಿನ ಸಸಿಯ ಫೈಟೋಕ್ರೋಮ್ ಅದನ್ನು ಓದಿ, ‘ತಲೆಯ ಮೇಲೆ ಬೇರೆ ಗಿಡವಿದೆ, ಅದನ್ನು ಮೀರಿ ಬೆಳೆ’ ಎಂದು ತಿಳಿಯುತ್ತದೆ. ಬೇರಿಗೂ ಕಾಂಡದ ದಪ್ಪಕ್ಕೂ ಸಲ್ಲಬೇಕಾದ ಶಕ್ತಿ ಎತ್ತರಕ್ಕೆ ಖರ್ಚಾಗುತ್ತದೆ. ಹಾಲುವಾಣದ ಅಥವಾ ಹಲಸಿನ ಮರದ ಕೆಳಗೆ, ಚಪ್ಪರದ ಖರ್ಚು ಉಳಿಯಿತೆಂದು ಚೀಲಗಳನ್ನು ಜೋಡಿಸಿಟ್ಟವರ ಸಸಿಗಳನ್ನು ನೋಡಿ: ಎತ್ತರ ಇರುತ್ತದೆ, ಗೆಣ್ಣಿನಿಂದ ಗೆಣ್ಣಿಗೆ ದೂರ ಇರುತ್ತದೆ, ಕಾಂಡ ಪೆನ್ಸಿಲಿನಷ್ಟೂ ಇರುವುದಿಲ್ಲ. ಒಣ ಸೋಗೆಯ ಚಪ್ಪರ ಹಾಗಲ್ಲ. ಒಣಗಿದ ಸೋಗೆ ಕೆಂಪನ್ನು ಹೆಕ್ಕಿ ಕುಡಿಯುವುದಿಲ್ಲ. ಬಿಸಿಲನ್ನು ತಡೆಯುವಲ್ಲಿ ತಡೆದು, ಸಂದಿಗಳಲ್ಲಿ ಇದ್ದ ಹಾಗೆಯೇ ಬಿಡುತ್ತದೆ. ನೆರಳು ಎರಡೂ ಕಡೆ ಇದೆ, ನೆರಳಿನ ಬಣ್ಣ ಬೇರೆ. ನಮ್ಮ ಕಣ್ಣಿಗೆ ಈ ವ್ಯತ್ಯಾಸ ಅಷ್ಟಾಗಿ ತಿಳಿಯದು, ಸಸಿಗೆ ತಿಳಿಯುತ್ತದೆ.

ಒತ್ತಾಗಿ ಜೋಡಿಸಿದ ಚೀಲಗಳಲ್ಲಿಯೂ ಇದೇ ಆಗುತ್ತದೆ. ಪಕ್ಕದ ಸಸಿಯ ಎಲೆಯಿಂದ ಚಿಮ್ಮಿದ ಅಂಚುಗೆಂಪು ಈ ಸಸಿಯ ಕಾಂಡಕ್ಕೆ ತಗಲುತ್ತದೆ. ಎಲೆಗೆ ಎಲೆ ಮುಟ್ಟುವುದಕ್ಕೆ ಮುಂಚೆಯೇ ಪೈಪೋಟಿ ಶುರುವಾಗುತ್ತದೆ. ನಾಲ್ಕು ಜೋಡಿ ಎಲೆ ಬಂದ ಮೇಲೆ ಚೀಲಗಳನ್ನು ಸಾಲು ಬಿಡಿಸಿ ಅಗಲ ಮಾಡುವುದು ಬೇಸರದ ಕೆಲಸವೇ, ಆಳಿನ ಕೂಲಿಯೂ ಆಗುತ್ತದೆ. ಆದರೂ ಬೆಳಕಿನ ಬಣ್ಣವನ್ನು ತಿದ್ದಲು ನಮಗಿರುವ ಅತ್ಯಂತ ಅಗ್ಗದ ಸಾಧನ ಅದೇ.

ಅಡಿಕೆಯವರಿಗೆ ಇಲ್ಲಿ ಒಂದು ಲೆಕ್ಕವನ್ನು ನೆನಪಿಸಬೇಕು. ಸಂಪಾಜೆ, ಪೆರಾಜೆ ಕಡೆಯ ಹಳೆಯ ಅಡಿಕೆ ಬೆಳೆಗಾರರಿಗೆ ಇದು ಗೊತ್ತಿರಬಹುದು. ಈಚೆಗೆ ಗದ್ದೆಗೆ ಅಡಿಕೆ ಹಾಕುತ್ತಿರುವ ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ವಿಟ್ಲದಲ್ಲಿ ಪ್ರಾದೇಶಿಕ ಕೇಂದ್ರವಿರುವ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಸಸಿ ಆರಿಸಲು ಹೇಳುವ ಸೂತ್ರವಿದು: ಎಲೆಗಳ ಸಂಖ್ಯೆಯನ್ನು 40ರಿಂದ ಗುಣಿಸಿ, ಅದರಲ್ಲಿ ಸಸಿಯ ಎತ್ತರವನ್ನು ಸೆಂಟಿಮೀಟರಿನಲ್ಲಿ ಕಳೆಯಿರಿ, ಉಳಿದ ಸಂಖ್ಯೆ ಹೆಚ್ಚಿದ್ದಷ್ಟೂ ಸಸಿ ಉತ್ತಮ. ಆರು ಎಲೆ, 110 ಸೆಂ.ಮೀ. ಎತ್ತರದ ಸಸಿಗೆ 130 ಅಂಕ. ಐದೇ ಎಲೆ, 140 ಸೆಂ.ಮೀ. ಎತ್ತರದ ಸಸಿಗೆ 60. ನರ್ಸರಿಯ ಬಾಗಿಲಲ್ಲಿ ನಿಂತು ನಾವು ಕೈ ಹಾಕುವುದು ಈ ಎರಡನೆಯದಕ್ಕೇ! ಎತ್ತರವನ್ನು ಕಳೆಯಬೇಕು, ಕೂಡಬಾರದು. ‘ಒಂದೇ ವರ್ಷದಲ್ಲಿ ಆಳೆತ್ತರ’ ಎಂಬ ಕರಪತ್ರದ ಮಾತನ್ನು ಈ ಲೆಕ್ಕಕ್ಕೆ ಹಚ್ಚಿ ನೋಡಿದರೆ, ಅದು ಹೊಗಳಿಕೆಯೋ ದೂರೋ ಎಂಬುದು ತಿಳಿಯುತ್ತದೆ.

ದೀಪದ ಲೆಕ್ಕ

ಇಷ್ಟಾದರೂ ಕೆಲವರ ಮನಸ್ಸಿನಲ್ಲಿ ಒಂದು ವಾದ ಉಳಿದಿರುತ್ತದೆ: ಕಕ್ಕಡದ ಮಳೆಯಲ್ಲಿ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ, ಆಗಲಾದರೂ ದೀಪ ಸಹಾಯವಾಗದೆ? ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕೋಣ.

9 ಅಂಗುಲ ಉದ್ದ 6 ಅಂಗುಲ ಅಗಲದ ಚೀಲಗಳನ್ನು ಒತ್ತಾಗಿ ಜೋಡಿಸಿದರೆ ಒಂದು ಚದರ ಮೀಟರಿಗೆ ಸುಮಾರು 100 ಹಿಡಿಯುತ್ತವೆ. 1,000 ಸಸಿಗೆ 10 ಚದರ ಮೀಟರ್. ಚದರ ಮೀಟರಿಗೆ 100 ವ್ಯಾಟಿನಂತೆ ಒಳ್ಳೆಯ ಎಲ್.ಇ.ಡಿ. ಹಾಕಿದರೆ ಸಸಿಗೆ ಸಿಗುವುದು ನಡುಹಗಲಿನ ಪೂರ್ಣ ಬಿಸಿಲಿನ ಸುಮಾರು ಹತ್ತನೆಯ ಒಂದು ಪಾಲು ಬೆಳಕು. ದಿನಕ್ಕೆ 10 ಗಂಟೆ ಉರಿಸಿದರೆ 10 ಯೂನಿಟ್, ತಿಂಗಳಿಗೆ 300, ಜೂನ್‌ನಿಂದ ಆಗಸ್ಟ್ ತನಕ 900 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಎಂದಿಟ್ಟುಕೊಂಡರೆ 6,300 ರೂಪಾಯಿ, ಅಂದರೆ ಸಸಿಯೊಂದಕ್ಕೆ 6 ರೂಪಾಯಿ 30 ಪೈಸೆ ಬರೀ ಕರೆಂಟಿಗೆ. ದೀಪದ ಬೆಲೆ, ತಂತಿ, ಮಳೆ ನೀರು ಹೊಗದ ಹಾಗೆ ಮಾಡು ಇವೆಲ್ಲ ಬೇರೆ. ಮರ ಬಿದ್ದು ತಂತಿ ಕಡಿದರೆ ಮೂರು ದಿನ ಕತ್ತಲೆ ಎಂಬುದನ್ನು ನಮ್ಮವರಿಗೆ ಹೇಳಬೇಕಾಗಿಲ್ಲ.

ಈಗ ಇನ್ನೊಂದು ಮಗ್ಗುಲು ನೋಡಿ. ದಟ್ಟ ಮೋಡ ಕವಿದ ಮಳೆಗಾಲದ ಮಧ್ಯಾಹ್ನವೂ ಬಯಲಿನಲ್ಲಿ ಸಾಮಾನ್ಯವಾಗಿ ಆ ಹತ್ತನೆಯ ಒಂದು ಪಾಲಿನಷ್ಟು ಬೆಳಕನ್ನು ಕೊಡುತ್ತದೆ, ಎಷ್ಟೋ ದಿನ ಅದಕ್ಕಿಂತ ಹೆಚ್ಚೇ. ಅದನ್ನು ಸಸಿಗೆ ತಲುಪದಂತೆ ತಡೆಯುವುದು ಬೇಸಿಗೆಗೆಂದು ಹಾಕಿ, ತೆಗೆಯದೆ ಬಿಟ್ಟ ನಮ್ಮ ಚಪ್ಪರ. ದುಡ್ಡು ಕೊಟ್ಟು ದೀಪದಿಂದ ತರುವ ಬೆಳಕು ಚಪ್ಪರದ ಮೇಲೆ ಪುಕ್ಕಟೆಯಾಗಿ ಬಿದ್ದು ಹಾಳಾಗುತ್ತಿರುತ್ತದೆ. ಅದೇ ಚಪ್ಪರದಡಿಯ ಕತ್ತಲು ಮತ್ತು ಆರದ ತೇವದಲ್ಲೇ ಎಳೆ ಸಸಿಗಳ ಬುಡ ಕೊಳೆಯುವ ರೋಗವೂ ಹಬ್ಬುತ್ತದೆ.

ಹಾಗೆಂದು ಒಂದೇ ದಿನ ಚಪ್ಪರ ಕಿತ್ತೆಸೆಯಬಾರದು. ಕಾಫಿ ನೆರಳಿನ ಮರಗಳಡಿಯ ಗಿಡ. ಪೂರ್ಣ ಬಿಸಿಲಿನ ಮೂರರಲ್ಲೊಂದು ಪಾಲಿನ ಆಸುಪಾಸಿಗೆ ಅದರ ಎಲೆಯ ಹೊಟ್ಟೆ ತುಂಬುತ್ತದೆ. ಮಿಕ್ಕ ಬಿಸಿಲು ಎಳೆ ಎಲೆಗೆ ಹೊರೆ. ಮಾರ್ಚ್, ಏಪ್ರಿಲಿನಲ್ಲಿ ನೆರಳು ಸಾಲದ ಮಡಿಯಲ್ಲಿ ಎಲೆ ಸುಡುತ್ತದೆ, ನಡುವೆ ಬಿಳಿ ಚುಕ್ಕೆಯಿರುವ ಕಂದು ಕಣ್ಣಿನಂಥ ಮಚ್ಚೆ ಬೀಳುತ್ತದೆ. ಬೇಸಿಗೆಯಲ್ಲಿ ದಟ್ಟ, ಮಳೆಗಾಲದಲ್ಲಿ ತೆಳು. ಇದನ್ನು ಯಾವ ಯಂತ್ರವೂ ನಮಗಾಗಿ ಮಾಡಿಕೊಡುವುದಿಲ್ಲ, ಏಣಿ ಹಾಕಿ ಹತ್ತಲೇಬೇಕು.

ಸೋಗೆ ಸಿಗದೆ ನೆರಳು ಬಲೆ ಕೊಳ್ಳುವವರಿಗೆ ಬಣ್ಣದ ವಿಷಯ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ಅಂಗಡಿಯಲ್ಲಿ ಕೇಳದೆಯೇ ಕೊಡುವುದು ಹಸಿರು ಬಲೆ. ಹಸಿರು ಬಲೆ ಹಸಿರಾಗಿ ಕಾಣುವುದೇ ಅದು ಸಸಿಗೆ ಬೇಕಾದ ಕೆಂಪು, ನೀಲಿಗಳಲ್ಲಿ ಒಂದಿಷ್ಟನ್ನು ತಾನೇ ನುಂಗುವುದರಿಂದ. ಕಪ್ಪು ಬಲೆ ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಸಮವಾಗಿ ಕಡಿಮೆ ಮಾಡುತ್ತದೆ. ಬೆಲೆ ಸಮನಾಗಿದ್ದರೆ ನಾನು ಕಪ್ಪಿಗೇ ಒಟ್ಟು ಕೊಡುವವನು. ಬ್ರೆಜಿಲಿನ ಲಾವ್ರಾಸ್‌ನಲ್ಲಿ ಅರೇಬಿಕಾ ಸಸಿಗಳನ್ನು ನೂರಕ್ಕೆ 50ರಷ್ಟು ನೆರಳು ಕೊಡುವ ಬೇರೆ ಬೇರೆ ಬಣ್ಣದ ಬಲೆಗಳ ಕೆಳಗೆ ಬೆಳೆಸಿ ನೋಡಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಂಪು ಬಲೆಯ ಸಸಿಗಳು ಮುಂದಿದ್ದವು. ಆದರೆ ಅಲ್ಲಿಯ ಮೋಡ ನಮ್ಮ ಮೋಡವಲ್ಲ. ಬಣ್ಣದ ಬಲೆ ತರಿಸುವ ಉತ್ಸಾಹವಿರುವವರು ಒಂದು ಮಡಿಗೆ ಮಾತ್ರ ಹಾಕಿ ಪಕ್ಕದ ಮಡಿಯೊಂದಿಗೆ ಹೋಲಿಸಲಿ.

ಎಲ್.ಇ.ಡಿ. ದೀಪವನ್ನು ನಾನು ಹಳಿಯುತ್ತಿಲ್ಲ. 1962ರಲ್ಲಿ ಕಣ್ಣಿಗೆ ಕಾಣುವ ಕೆಂಪು ದೀಪ ಬಂತು, 1990ರ ದಶಕದಲ್ಲಿ ಜಪಾನಿನವರು ಪ್ರಕಾಶಮಾನವಾದ ನೀಲಿಯನ್ನು ಸಾಧಿಸಿದರು. ಆ ನೀಲಿಗಾಗಿ 2014ರಲ್ಲಿ ಮೂವರಿಗೆ ನೊಬೆಲ್ ಪಾರಿತೋಷಕ ಬಂತು. ಕಿಟಕಿ ಇಲ್ಲದ ಅಂಗಾಂಶ ಕೃಷಿಯ ಪ್ರಯೋಗಾಲಯದಲ್ಲಿ, ಕೋಣೆಯೊಳಗೆ ಅಟ್ಟಣಿಗೆ ಕಟ್ಟಿ ಸೊಪ್ಪು ಬೆಳೆಯುವ ಪಟ್ಟಣದವರಲ್ಲಿ, ಸೂರ್ಯನೇ ಇಲ್ಲದ ಕಡೆ ಅದು ಬೇಕೇ ಬೇಕು. ಅಲ್ಲಿಯೂ ನೇರಳೆ ಬೆಳಕೇ ಆಗಬೇಕೆಂದಿಲ್ಲ. ಸಾಧಾರಣ ಬಿಳಿ ಎಲ್.ಇ.ಡಿ.ಯೊಳಗೂ ಇರುವುದು ನೀಲಿ ದೀಪವೇ, ಮೇಲಿನ ಹಳದಿ ಲೇಪ ಅದನ್ನು ಬಿಳಿಯಾಗಿಸುತ್ತದೆ, ಕೆಂಪೂ ಒಂದಿಷ್ಟು ಅದರಲ್ಲಿ ಸೇರಿರುತ್ತದೆ.

ನನ್ನ ಮಾತನ್ನು ನಂಬಬೇಕಾಗಿಲ್ಲ. ಈ ಸಲ ಬೀಜ ಬಂದಾಗ ಮೂರು ಟ್ರೇಗಳಲ್ಲಿ ಒಂದೇ ಮರಳು ತುಂಬಿ, ಒಂದೇ ಚೀಲದ ಬೀಜವನ್ನು ನೂರು ನೂರರಂತೆ ಹಾಕಿ, ಮೂರನ್ನೂ ಒಂದೇ ಕೋಣೆಯಲ್ಲಿಡಿ. ಒಂದಕ್ಕೆ ಹುಲ್ಲು ಹೊದಿಸಿ, ಒಂದನ್ನು ಕಿಟಕಿಯ ಬೆಳಕಿಗೆ ಬಿಡಿ, ಯಾರಲ್ಲಾದರೂ ಬಣ್ಣದ ದೀಪವಿದ್ದರೆ ಮೂರನೆಯದಕ್ಕೆ ಹಿಡಿಯಿರಿ. ತೇವ ಮೂರಕ್ಕೂ ಒಂದೇ ಇರಲಿ. ಮೊಳೆತ ಬೀಜಗಳನ್ನು ವಾರಕ್ಕೊಮ್ಮೆ ಎಣಿಸಿ ಬರೆದಿಡಿ. ಬರೆದದ್ದನ್ನು ಕಛೇರಿಗೆ ತಂದುಕೊಟ್ಟರೆ, ದೀಪ ಗೆದ್ದರೂ ಸರಿ ಹುಲ್ಲು ಗೆದ್ದರೂ ಸರಿ, ಇದೇ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ.

ಚಪ್ಪರದ ಕೆಲಸಕ್ಕೆ ಬರುವವರ ಅನುಕೂಲಕ್ಕಾಗಿ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಬಟನ್ ಅಥವಾ ಟೋಪಿ ಹಂತದಲ್ಲಿ ಸಸಿಯನ್ನು ಚೀಲಕ್ಕೆ ದಾಟಿಸಿದ ಮೊದಲ ವಾರಗಳಲ್ಲಿ ಚಪ್ಪರ ದಟ್ಟವಿರಲಿ, ಬಿಸಿಲಿನ ಚುಕ್ಕೆ ಮಾತ್ರ ಬೀಳಲಿ. ಮೇ ತಿಂಗಳ ಮಳೆ ನಾಲ್ಕು ಬಿದ್ದ ಮೇಲೆ ಸೋಗೆಯಲ್ಲಿ ಮೂರರಲ್ಲೊಂದು ಪಾಲು ತೆಗೆಯಿರಿ. ಮುಂಗಾರು ಹಿಡಿದು ಮೋಡ ಗಟ್ಟಿಯಾದ ಮೇಲೆ ಇನ್ನೊಂದು ಪಾಲು. ಉಳಿದದ್ದನ್ನು ಜುಲೈಯಲ್ಲಿ ಮೋಡದ ದಿನ ನೋಡಿ ಇಳಿಸಿ, ಬಿಸಿಲು ಕಾಯುವ ದಿನ ಕೈಹಾಕಬೇಡಿ. ಅದೇ ವಾರ ಚೀಲಗಳನ್ನು ಅಗಲ ಮಾಡಿ ಮುಗಿಸಿ. ಕೈಲ್ ಮುಹೂರ್ತದ ಹೊತ್ತಿಗೆ ಮೋಡ ಹರಿದು ಬಿಸಿಲು ಚುರುಕಾಗುತ್ತದೆ. ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವ ಸಸಿಗಳಿದ್ದರೆ ಅವಕ್ಕೆ ಆಗ ಮತ್ತೆ ತೆಳುವಾಗಿ ಸೋಗೆ ಹಾಕಿ. ಇಳಿಸಿದ ಬಿದಿರಿನ ಗಳುಗಳನ್ನು ಕೊಟ್ಟಿಗೆಯ ಮಾಡಿನಡಿ ಸೇರಿಸಿಟ್ಟರೆ ಇನ್ನೊಂದು ವರ್ಷ ಬರುತ್ತವೆ.